ಮಾರಿದವನೂ, ಕೈ ತೊಳೆದವನೂ



ಫೆಬ್ರವರಿ 8 ಸಂತ ಜೋಸೆಫಿನ್ ಬಖೀತಾರವರ ಸ್ಮರಣೆ. 2015ರಿಂದ ಧರ್ಮಸಭೆ ಇದೇ ದಿನವನ್ನು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವಾಗಿ ಆಚರಿಸುತ್ತಿದೆ.

ಭಾನುವಾರ ವಿಶ್ವಾಸ ಪ್ರಮಾಣ ಹೇಳುವಾಗ ಒಂದು ವಿಷಯ ಗಮನಿಸಿದ್ದೀರಾ? ಮೂವತ್ತು ಬೆಳ್ಳಿನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರು ಅದರಲ್ಲಿಲ್ಲ. ಇರುವುದು ಪಿಲಾತನ ಹೆಸರು. ಕಾಲವನ್ನು ಗುರುತಿಸಲು ಆ ಹೆಸರು ಎನ್ನುತ್ತಾರೆ. ಆದರೂ ಅದು ನನ್ನನ್ನು ಕಾಡುತ್ತದೆ. ಪಿಲಾತ ಯೇಸುವನ್ನು ಮಾರಲಿಲ್ಲ. ಬಿಡಿಸುವ ಅಧಿಕಾರ ಅವನಿಗಿತ್ತು. ತಪ್ಪಿಲ್ಲವೆಂದು ತಿಳಿದೂ ಒಪ್ಪಿಸಿಬಿಟ್ಟ, ಕೈ ತೊಳೆದುಕೊಂಡ.

2001ರ ಮಾರ್ಚ್‌ನಲ್ಲಿ ರಷ್ಯಾದ ಇಪ್ಪತ್ತು ವರ್ಷದ ಯುವತಿಯೊಬ್ಬಳು 'ಕಲಾವಿದೆ' ಎಂಬ ಪರವಾನಗಿಯ ಮೇಲೆ ಸೈಪ್ರಸ್ ದ್ವೀಪದ ಕ್ಯಾಬರೆಯೊಂದಕ್ಕೆ ಕೆಲಸಕ್ಕೆ ಹೋದಳು. ಮೂರೇ ದಿನಕ್ಕೆ ಬಿಟ್ಟು ಹೊರಟಳು. ಮ್ಯಾನೇಜರ್ ಅವಳನ್ನು ಹುಡುಕಿ ಪೊಲೀಸ್ ಠಾಣೆಗೆ ಕರೆತಂದ. ಪೊಲೀಸರು ದಾಖಲೆ ನೋಡಿದರು, ಹಿಡಿದಿಡಲು ಕಾರಣವಿರಲಿಲ್ಲ. ಆದರೂ ಅವಳ ಹೇಳಿಕೆ ಪಡೆಯಲಿಲ್ಲ, ಅವಳನ್ನು ಬಿಡಲೂ ಇಲ್ಲ. ಅದೇ ಮ್ಯಾನೇಜರನನ್ನು ಕರೆಸಿ ಅವನ ಕೈಗೇ ಒಪ್ಪಿಸಿದರು. ಬೆಳಗಾಗುವಷ್ಟರಲ್ಲಿ ಕಟ್ಟಡವೊಂದರ ಕೆಳಗೆ ರಸ್ತೆಯಲ್ಲಿ ಅವಳ ಶವವಿತ್ತು.

ತಂದೆ ಸುಮ್ಮನಾಗಲಿಲ್ಲ. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. 2010ರ ಜನವರಿ 7ರಂದು 'ರಾಂತ್ಸೆವ್' ಪ್ರಕರಣದ ತೀರ್ಪು ಬಂತು. ಗುಲಾಮಗಿರಿಯನ್ನು ನಿಷೇಧಿಸುವ ಐರೋಪ್ಯ ಒಡಂಬಡಿಕೆಯ 4ನೇ ವಿಧಿಯಲ್ಲಿ ಮಾನವ ಕಳ್ಳಸಾಗಣೆಯೆಂಬ ಪದವೇ ಇಲ್ಲ. ಆದರೂ ಅದು ಆ ವಿಧಿಯೊಳಗೇ ಬರುತ್ತದೆ ಎಂದಿತು ನ್ಯಾಯಾಲಯ. ಸರ್ಕಾರ ತಾನು ಮಾರದಿದ್ದರೆ ಸಾಲದು. ಸರಿಯಾದ ಕಾನೂನು ಮಾಡಬೇಕು, ಅಪಾಯದ ಸುಳಿವು ಸಿಕ್ಕರೆ ರಕ್ಷಿಸಬೇಕು, ತನಿಖೆ ನಡೆಸಬೇಕು. ಕೈ ತೊಳೆದ ಸೈಪ್ರಸ್ ತಪ್ಪಿತಸ್ಥ. ಅವಳನ್ನು ಕಳಿಸಿದವರು ಯಾರೆಂದು ವಿಚಾರಿಸದ ರಷ್ಯಾ ಕೂಡ.

ಏಷ್ಯಾಕ್ಕೆ ಇಂಥ ನ್ಯಾಯಾಲಯವಿಲ್ಲ. ನಮ್ಮ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಆದರೆ ಕಾನೂನು ತಾನಾಗಿ ಎದ್ದು ಬಂದು ಯಾರನ್ನೂ ಮಾತನಾಡಿಸುವುದಿಲ್ಲ.

ಸುಡಾನಿನಲ್ಲಿ ಬಾಲ್ಯದಲ್ಲೇ ಅಪಹರಣವಾಗಿ, ಕೈಯಿಂದ ಕೈಗೆ ಮಾರಾಟವಾದ ಬಖೀತಾರವರು ಕೊನೆಗೆ ವೆನಿಸ್ ತಲುಪಿದರು. ಮನೆಯೊಡತಿ ವಾಪಸ್ ಕರೆದೊಯ್ಯಲು ಬಂದಾಗ ಅವರು ಒಲ್ಲೆ ಎಂದರು. ಕನ್ಯಾಸ್ತ್ರೀಯರು ಅವರ ಪಕ್ಕ ನಿಂತರು. 1889ರ ನವೆಂಬರ್ 29ರಂದು ಅಲ್ಲಿನ ಅಧಿಕಾರಿಗಳು ಅವರನ್ನು ಸ್ವತಂತ್ರಳೆಂದು ಸಾರಿದರು. ಯಾರೋ ಅವರನ್ನು ಕೇಳಿದರು. ಅವರು ಹೇಳಿದ್ದನ್ನು ಆಲಿಸಿದರು.

ನಮ್ಮ ಹೊಸೂರು ಸೀಮೆಯ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡ್‌ಗಳಿಂದ ಹುಡುಗಿಯರು ಬರುತ್ತಾರೆ. ಕೆಲವರು ಬಲಿಪೂಜೆಗೂ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ತಮಿಳು ಪೂಜೆ, ಕನ್ನಡ ಪೂಜೆ ಎಷ್ಟು ಗಂಟೆಗೆ ಎಂದು ಚರ್ಚಿಸುವ ನಾನು, ಅವರಲ್ಲಿ ಒಬ್ಬಳ ಹೆಸರನ್ನೂ ಈವರೆಗೆ ಕೇಳಿಲ್ಲ. ಭಾಷೆ ಬಾರದು ಎಂಬುದೇ ನಾನು ಕೈ ತೊಳೆದ ನೀರು.

ಈ ಭಾನುವಾರದಿಂದ ಕೇಳೋಣ: ಹೆಸರೇನಮ್ಮ, ಆಧಾರ್ ಕಾರ್ಡು ನಿನ್ನ ಹತ್ತಿರವೇ ಇದೆಯಾ, ಸಂಬಳ ನಿನ್ನ ಕೈಗೇ ಬರುತ್ತದಾ? ನಮ್ಮ ಮಕ್ಕಳನ್ನು ಏಜೆಂಟರ ಜೊತೆ ಕಳಿಸುವಾಗಲೂ ಇದನ್ನೇ ವಿಚಾರಿಸೋಣ. ಅಪಾಯ ಕಂಡರೆ 112ಕ್ಕೆ, ಮಕ್ಕಳಾದರೆ 1098ಕ್ಕೆ ಕರೆ ಮಾಡೋಣ.

ಸಂತ ಬಖೀತಾರವರೇ, ನಾವು ಕೈ ತೊಳೆದುಕೊಳ್ಳದಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.

– ಯುವ ಸಂಯೋಜಕಿ