ಮೇಲೆ ಬಂದದ್ದು ನಿಂದು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ನಿಮ್ಮ ಊರ ಕಡೆ ಒಳ್ಳೆ ಜಮೀನಿದ್ರೆ ಹೇಳಿ, ಅರ್ಧ ಎಕರೆ ಸಾಕು.’ ಊರಿಗೆ ಹೋದರೆ ಅದೇ ಪ್ರಶ್ನೆ ತಿರುಗಿಕೊಂಡು ಬರುತ್ತೆ. ‘ನಿಮ್ಮ ಆಫೀಸಲ್ಲಿ ಗಟ್ಟಿ ಪಾರ್ಟಿ ಇದ್ರೆ ಕರ್ಕೊಂಡ್ ಬಾ ಕಣ್ಲಾ, ನಿನ್ನೂ ನೋಡ್ಕೋತೀವಿ.’ ಈ ‘ನೋಡ್ಕೋತೀವಿ’ ಅನ್ನೋ ಮಾತು ಸರಿಯೋ ತಪ್ಪೋ ಅನ್ನೋದೇ ಇಲ್ಲಿನ ವಿಷಯ.

ಈ ಪ್ರಶ್ನೆ ಈಗ ಜೋರಾಗಿರುವುದಕ್ಕೆ ಕಾರಣ ಇದೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವು. ಅಲ್ಲಿಗೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆ ಆಯ್ತು. ಶನಿವಾರ ಬೆಳಿಗ್ಗೆ ಹೊರಟು ಮದ್ದೂರಲ್ಲಿ ವಡೆ ತಿಂದು, ಜಮೀನು ನೋಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರಬಹುದು. ಕಬ್ಬು, ಭತ್ತ, ರೇಷ್ಮೆ ಅಂತಿದ್ದ ಊರುಗಳಲ್ಲಿ ಈಗ ಟೀ ಅಂಗಡಿಗೊಬ್ಬ ಬ್ರೋಕರ್.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಬ್ರೋಕರ್ ಅಂದ ತಕ್ಷಣ ಮೂಗು ಮುರಿಯೋದು ನ್ಯಾಯ ಅಲ್ಲ. ಒಂದು ಎಕರೆ ಪಹಣಿಯಲ್ಲಿ ಅಣ್ಣತಮ್ಮಂದಿರು ಐದು ಜನ ಇರ್ತಾರೆ. ಒಬ್ಬ ಊರಲ್ಲಿ, ಒಬ್ಬ ಪೀಣ್ಯದಲ್ಲಿ, ಇನ್ನೊಬ್ಬ ಎಲ್ಲಿದ್ದಾನೋ ಗೊತ್ತಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದ ಮೇಲೆ ಅಕ್ಕತಂಗಿಯರ ಸಹಿಯೂ ಬೇಕು. ಇವರನ್ನೆಲ್ಲ ಒಂದು ಕಡೆ ಸೇರಿಸಿ, ಸರ್ವೆ ಮಾಡಿಸಿ, ನಾಡಕಚೇರಿ, ತಾಲ್ಲೂಕು ಕಚೇರಿ ಸುತ್ತಿ, ನೋಂದಣಿವರೆಗೂ ತರೋನು ಅವನೇ. ಅದಕ್ಕೆ ಶೇಕಡಾ 1 ಅಥವಾ 2 ಕಮಿಷನ್ ಕೇಳಿದರೆ ಅದು ಕೂಲಿ, ಅದರಲ್ಲಿ ತಪ್ಪೇನೂ ಕಾಣಲ್ಲ.

ತೊಂದರೆ ಇರೋದು ಇನ್ನೊಂದು ಪದ್ಧತಿಯಲ್ಲಿ. ‘ನಂಗೆ ಇಷ್ಟು ಕೊಡ್ಸು, ಮೇಲೆ ಬಂದದ್ದು ನಿಂದು’ ಅಂತಾನೆ ರೈತ. ಲೆಕ್ಕಕ್ಕೆ ಒಂದು ಉದಾಹರಣೆ ಹಾಕಿಕೊಳ್ಳೋಣ. ರೈತ ಎಕರೆಗೆ 40 ಲಕ್ಷ ಸಾಕು ಅಂದ. ಬೆಂಗಳೂರಿನ ಪಾರ್ಟಿಗೆ 52 ಲಕ್ಷ ಹೇಳಿ ಒಪ್ಪಿಸಿದರು. ಮಧ್ಯದ 12 ಲಕ್ಷದಲ್ಲಿ ಊರ ಬ್ರೋಕರ್‌ಗೆ 4, ತಾಲ್ಲೂಕಿನವನಿಗೆ 4, ಆಫೀಸಿನ ಗೆಳೆಯನನ್ನು ಕರೆತಂದ ಎಂಜಿನಿಯರ್‌ಗೆ 4. ಇದೇ ಜಮೀನು 45ಕ್ಕೆ ಎದುರೆದುರು ಕುದುರಿ, ಎರಡೂ ಕಡೆಯವರು ಶೇಕಡಾ 2 ಕೊಟ್ಟಿದ್ದರೆ ಕಮಿಷನ್ 1.8 ಲಕ್ಷ ಆಗ್ತಿತ್ತು. ರೈತನ ಕೈಗೆ 4.1 ಲಕ್ಷ ಹೆಚ್ಚು ಸೇರ್ತಿತ್ತು, ಕೊಂಡವರಿಗೆ 6.1 ಲಕ್ಷ ಉಳೀತಿತ್ತು. ಒಂದು ಫೋನ್ ನಂಬರ್ ಕೊಟ್ಟಿದ್ದಕ್ಕೆ ಎಂಜಿನಿಯರ್‌ಗೆ ಸಿಕ್ಕಿದ್ದು, ಆರು ತಿಂಗಳು ಓಡಾಡಿದವನಿಗೆ ಸಿಕ್ಕಷ್ಟೇ.

‘ರೈತನೇ ಒಪ್ಪಿದಾನಲ್ಲ, ಕೊಂಡವನೂ ಒಪ್ಪಿದಾನಲ್ಲ, ಇನ್ಯಾರಿಗೆ ಮೋಸ?’ ಇದು ಎಲ್ಲರೂ ಕೇಳುವ ಪ್ರಶ್ನೆ, ಸುಲಭವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಅಂಗಡಿಯವನು ತನಗೆ ಬಿದ್ದ ಬೆಲೆಯನ್ನು ನಮಗೆ ಹೇಳ್ತಾನಾ? ಇಲ್ಲ. ಆದರೆ ಅಂಗಡಿಯವನು ‘ನಾನು ನಿಮ್ಮ ಕಡೆಯವನು’ ಅಂತ ಹೇಳಿಕೊಳ್ಳಲ್ಲ. ಅವನು ದುಡ್ಡು ಹಾಕಿ ಸಾಮಾನು ತಂದಿದ್ದಾನೆ, ಮಾರಿಹೋಗದಿದ್ದರೆ ನಷ್ಟ ಅವನದೇ. ಇಲ್ಲಿ ಮಧ್ಯದವನು ಜಮೀನು ಕೊಂಡಿಲ್ಲ, ಒಂದು ರೂಪಾಯಿ ಹಾಕಿಲ್ಲ. ರೈತನ ಹತ್ತಿರ ‘ನಿಮ್ಮ ಪರವಾಗಿ ಗಟ್ಟಿ ಮಾತಾಡ್ತೀನಿ’ ಅಂತಾನೆ. ಗೆಳೆಯನ ಹತ್ತಿರ ‘ನಮ್ಮೂರೇ ಅಲ್ವಾ, ಕಡಿಮೆ ಮಾಡಿಸ್ತೀನಿ’ ಅಂತಾನೆ. ರೈತ ಒಪ್ಪಿದ್ದು ‘ಮೇಲೆ ಬಂದದ್ದು’ ಅನ್ನೋ ಮಾತಿಗೆ. ಅದು 50 ಸಾವಿರವೋ 12 ಲಕ್ಷವೋ ಅವನಿಗೆ ಗೊತ್ತಿರಲಿಲ್ಲ. ಮೊತ್ತ ಗೊತ್ತಿಲ್ಲದ ಒಪ್ಪಿಗೆ ಅರ್ಧ ಒಪ್ಪಿಗೆ ಅಷ್ಟೆ.

ದುಡ್ಡಿನ ಲೆಕ್ಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಒಳಗಿಂದೊಳಗೆ ಕೊಡುವ ಆ 4 ಲಕ್ಷ ಪರಿಚಯಕ್ಕೆ ಕೊಟ್ಟ ಬೆಲೆ ಅಲ್ಲ, ಬಾಯಿ ಮುಚ್ಚಿಕೊಂಡಿರೋದಕ್ಕೆ ಕೊಟ್ಟ ಬೆಲೆ. ಊರಲ್ಲಿ ಬೆಳೆದವನಿಗೆ ಎಷ್ಟೋ ವಿಷಯ ಗೊತ್ತಿರುತ್ತೆ. ಆ ಹೊಲದ ಬೋರು ಎರಡು ಸಲ ಫೇಲ್ ಆಗಿದೆ. ನಕಾಶೆಯಲ್ಲಿ ದಾರಿ ಇಲ್ಲ, ಪಕ್ಕದವನ ಬದುವಿನ ಮೇಲೆ ಹೋಗಬೇಕು. ನಾಲೆಯ ಕೊನೆ ಭಾಗ, ಬೇಸಿಗೆ ಬೆಳೆಗೆ ನೀರು ಬರಲ್ಲ. ತಂಗಿ ಪಾಲು ಕೇಳಿ ಕೋರ್ಟಿಗೆ ಹೋಗೋಳಿದ್ದಾಳೆ. ಎಲ್ಲಕ್ಕಿಂತ ದೊಡ್ಡದು, ಅದು ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಈ ಸಂಗತಿಗಳಲ್ಲಿ ಒಂದನ್ನು ಬಾಯಿಬಿಟ್ಟರೂ ವ್ಯಾಪಾರ ನಿಲ್ಲಬಹುದು. ವ್ಯಾಪಾರ ನಿಂತರೆ 4 ಲಕ್ಷ ಬರಲ್ಲ. ಗೆಳೆಯ ನಂಬಿಕೊಂಡು ಬಂದದ್ದು ಆ ಬಾಯಿಯನ್ನೇ.

ಆಗ ಸುಳ್ಳು ಹೇಳಲೇಬೇಕು ಅಂತೇನಿಲ್ಲ. ‘ಒಂದ್ಸಲ ಲಾಯರ್‌ಗೆ ತೋರಿಸಿಬಿಡಿ’ ಅಂತ ಹೇಳಿ ಸುಮ್ಮನಾದರೆ ಸಾಕು. ತಾನೇನೂ ತಪ್ಪು ಮಾಡಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳಬಹುದು. ದುಡ್ಡು ಕೆಲಸ ಮಾಡೋದು ಹೀಗೇನೆ, ಸದ್ದಿಲ್ಲದೆ.

ಕಾನೂನು ಏನು ಹೇಳುತ್ತೆ ಅಂತ ನೋಡಿದರೆ ಸ್ವಲ್ಪ ಆಶ್ಚರ್ಯ ಆಗುತ್ತೆ. 2016ರ ರೇರಾ ಕಾಯ್ದೆಯ ಏಜೆಂಟ್ ವ್ಯಾಖ್ಯಾನದಲ್ಲಿ ಫಲಕ ಹಾಕಿಕೊಂಡು ಕೂತವರು ಮಾತ್ರ ಇಲ್ಲ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸಿ ಪ್ರತಿಫಲ ತಗೊಳ್ಳುವವರೂ ಅದರೊಳಗೆ ಬರ್ತಾರೆ. ವಾಟ್ಸಾಪಲ್ಲಿ ಲೇಔಟಿನ ಬ್ರೋಷರ್ ಫಾರ್ವರ್ಡ್ ಮಾಡಿ ಸೈಟಿಗಿಷ್ಟು ಅಂತ ತಗೊಳ್ಳೋ ಸಹೋದ್ಯೋಗಿಗೂ ಇದು ತಗಲುತ್ತೆ. ನೋಂದಣಿ ಇಲ್ಲದೆ ರೇರಾ ಪ್ರಾಜೆಕ್ಟಿನ ಸೈಟು ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿ ಬೆಲೆಯ ಶೇಕಡಾ 5ರವರೆಗೂ ಏರಬಹುದು. ಬರೀ ಕೃಷಿ ಜಮೀನಿನ ವ್ಯಾಪಾರ ರೇರಾದ ಆಚೆ ಉಳಿಯುತ್ತೆ ನಿಜ. ಅಲ್ಲಿಗೆ ಅದಕ್ಕಿಂತ ಹಳೆಯ ಕಾನೂನು ಇದೆ. 1872ರ ಕರಾರು ಕಾಯ್ದೆಯ 216ನೇ ಕಲಂ ಪ್ರಕಾರ, ಏಜೆಂಟ್ ಆದವನು ತನ್ನನ್ನು ನೇಮಿಸಿದವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತಕ್ಕೆ ವ್ಯಾಪಾರ ಮಾಡಿಕೊಂಡರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು ನೇಮಿಸಿದವರಿಗಿದೆ. ಸುಮಾರು 150 ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ ಅಂದರೆ ಕಾಯಿಲೆ ಹೆದ್ದಾರಿಯಿಂದ ಬಂದದ್ದಲ್ಲ.

‘ಹಾಗಾದರೆ ಕಂಪನಿಯಲ್ಲಿ ರೆಫರಲ್ ಬೋನಸ್ ತಗೋತೀವಲ್ಲ?’ ಅಂತ ನೀವು ಕೇಳಬಹುದು. ತಗೋತೀವಿ. ಅದರ ಮೊತ್ತ ಎಷ್ಟು ಅಂತ ಎಲ್ಲರಿಗೂ ಗೊತ್ತು. ಕೊಡೋದು ಕಂಪನಿ, ಅಭ್ಯರ್ಥಿಯ ಸಂಬಳದಿಂದ ಮುರಿದುಕೊಳ್ಳಲ್ಲ. ನಾವು ಹೆಸರು ಕೊಟ್ಟ ಮಾತ್ರಕ್ಕೆ ಕೆಲಸ ಸಿಗಲ್ಲ, ಇಂಟರ್‌ವ್ಯೂ ಮಾಡೋರು ಬೇರೆ. ಹೊಸಬ ಕೆಲವು ತಿಂಗಳು ನಿಂತ ಮೇಲೆ ದುಡ್ಡು ಕೊಡುವ ಕಂಪನಿಗಳೂ ಇವೆ. ಜಮೀನಿನ ವ್ಯವಹಾರದಲ್ಲಿ ಇವ್ಯಾವೂ ಇಲ್ಲ. ಸಾಮಾನ್ಯವಾಗಿ ನೋಂದಣಿ ದಿನವೇ ಲೆಕ್ಕ ಚುಕ್ತಾ. ಕೇಸು ಬರೋ ಹೊತ್ತಿಗೆ ಮಧ್ಯದವರು ಫೋನ್ ಎತ್ತಲ್ಲ.

ನಮ್ಮ ಜಿಲ್ಲೆಯ ಹೇಮಗಿರಿಯಂಥ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದು ಹಳೇ ಪದ್ಧತಿ. ಅಲ್ಲೂ ಗುಟ್ಟಿದೆ, ಆದರೆ ಅದು ಸುತ್ತ ನಿಂತು ನೋಡೋರಿಂದ. ಎತ್ತು ಕೊಡೋನು, ಹಿಡಿಯೋನು ಎದುರೆದುರು ನಿಂತು ದುಡ್ಡು ಎಣಿಸಿದರೆ ಅವರಿಬ್ಬರ ನಡುವೆ ಗುಟ್ಟು ಉಳಿಯಲ್ಲ. ಇವತ್ತಿನ ಜಮೀನು ವ್ಯಾಪಾರದಲ್ಲಿ ಅದು ತಿರುಗುಮುರುಗು. ಯಾರಿಗೆ ಎಷ್ಟು ಹೋಯ್ತು ಅನ್ನೋದು ಊರ ಟೀ ಅಂಗಡಿಗೆಲ್ಲ ಗೊತ್ತಿರುತ್ತೆ. ಗೊತ್ತಿಲ್ಲದೆ ಇರೋದು ಇಬ್ಬರಿಗೆ ಮಾತ್ರ, ಮಾರಿದವನಿಗೆ ಮತ್ತು ಕೊಂಡವನಿಗೆ.

ಹಾಗಾದರೆ ಏನು ಮಾಡೋದು? ಹೇಳಿ ತಗೊಳ್ಳೋದು ಮೊದಲ ದಾರಿ. ರೈತನನ್ನೂ ಕೊಳ್ಳುವವರನ್ನೂ ಒಂದೇ ಕಡೆ ಕೂರಿಸಿ ‘ನನಗೆ ಇಷ್ಟು ಬರುತ್ತೆ’ ಅಂತ ಅಂಕಿ ಸಮೇತ ಹೇಳಬೇಕು. ಹಾಗೆ ಹೇಳೋಕೆ ನಾಲಿಗೆ ತಡವರಿಸಿದರೆ, ಅದು ತಗೊಳ್ಳಬಾರದ ದುಡ್ಡು.

ಆದರೆ ಹೇಳಿದ ಮಾತ್ರಕ್ಕೆ ಎಲ್ಲ ಶುದ್ಧ ಆಗಲ್ಲ ಅಂತಲೂ ನನಗೆ ಅನಿಸುತ್ತೆ. ಕಮಿಷನ್ ವಿಷಯ ಗೊತ್ತಾದ ಮೇಲೆ ಗೆಳೆಯ ‘ಬೇಡ’ ಅನ್ನೋಕೆ ಸಂಕೋಚ ಪಡ್ತಾನೆ, ತನ್ನಿಂದ ಇವನ ದುಡ್ಡು ತಪ್ಪುತ್ತಲ್ಲ ಅಂತ. ಚಿಕ್ಕಪ್ಪನ ಜಮೀನಾದರೆ ಇನ್ನೂ ಕಷ್ಟ. ಅಲ್ಲಿ ಬೆಲೆ ಇಳಿಸಿದರೆ ಮನೆಯವರಿಗೆ ದ್ರೋಹ, ಏರಿಸಿದರೆ ಗೆಳೆಯನಿಗೆ. ಎರಡು ಋಣ ಇರುವ ಕಡೆ ಮೂರನೆಯದಾಗಿ ದುಡ್ಡು ಸೇರಿಸಿಕೊಳ್ಳದಿರೋದೇ ಲೇಸು. ಅದಕ್ಕೇ ನಾನು ಪಾಲಿಸೋದು ಇಷ್ಟು: ಪರಿಚಯಸ್ಥರ ವ್ಯವಹಾರದಲ್ಲಿ ಕಮಿಷನ್ ಬೇಡ. ಊರಲ್ಲಿ ಓಡಾಡಿದವನಿಗೆ ಎರಡೂ ಕಡೆಯಿಂದ ಎದುರಲ್ಲೇ ಕೂಲಿ ಕೊಡಿಸಿ, ಬೋರು ಫೇಲ್ ಆಗಿದ್ದರೆ ಫೇಲ್ ಅಂತ ಹೇಳಿ, ದೂರ ನಿಲ್ಲೋದು. ಊರಲ್ಲಿ ಇದಕ್ಕೆ ‘ಓದ್ಕೊಂಡೋನು, ವ್ಯವಹಾರ ಗೊತ್ತಿಲ್ಲ ಬುಡು’ ಅಂತಾರೆ. ಅನ್ನಲಿ. ಹಬ್ಬಕ್ಕೆ ಊರಿಗೆ ಹೋದಾಗ ಜಮೀನು ಮಾರಿದವರ ಮನೆಯ ಮುಂದೆಯೇ ಹಾದುಹೋಗಬೇಕು, ಸೋಮವಾರ ಜಮೀನು ಕೊಂಡವರ ಪಕ್ಕದಲ್ಲೇ ಕೂತು ಕೆಲಸ ಮಾಡಬೇಕು.