ರೊಟ್ಟಿ, ನಿದ್ದೆ, ಆಮೇಲೆ ಮಾತು



ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಬದುಕು ಸಾಕೆಂದು ಕುಳಿತಿದ್ದಾನೆ. ರಾಣಿ ಈಜೆಬೆಲಳ ಭಯಕ್ಕೆ ಓಡಿ ಬಂದವನು ಅಡವಿಯ ಗಿಡವೊಂದರ ಕೆಳಗೆ ಸಾವನ್ನೇ ಬೇಡಿ ಮಲಗಿಬಿಟ್ಟ. ದೇವರು ಅವನನ್ನು ಗದರಿಸಲಿಲ್ಲ. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಹೋರೇಬ್ ಬೆಟ್ಟದ ಮೇಲೆ ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಹದಿಹರೆಯದ ಮಕ್ಕಳ ವಿಷಯದಲ್ಲಿ ನಾವು ಈ ಕ್ರಮವನ್ನು ತಿರುವುಮುರುವು ಮಾಡಿದ್ದೇವೆ. ಪುಸ್ತಕದ ಮುಂದೆ ಮನಸ್ಸು ನಿಲ್ಲದಿದ್ದರೆ ಸೋಮಾರಿ ಎನ್ನುತ್ತೇವೆ, ಪ್ರಾರ್ಥನೆಯಲ್ಲಿ ತೂಕಡಿಸಿದರೆ ಭಕ್ತಿಯಿಲ್ಲ ಎನ್ನುತ್ತೇವೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಮಾತ್ರ ಕೇಳುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಮೊದಲಿಗಿಂತ ತಡವಾಗಿ ಸ್ರವಿಸುತ್ತದೆ. ಬೇಗ ಕಣ್ಣು ಮುಚ್ಚದಿರುವುದು ಹಟವಲ್ಲ, ಬೆಳೆಯುವ ದೇಹದ ಸ್ವಭಾವ. ಅದರ ಮೇಲೆ ಮೊಬೈಲಿನ ಬೆಳಕು. ಅದೂ ಸಾಲದೆಂದು ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಬೆಳಗಿನ ಜಾವ 4ಕ್ಕೇ ಎಬ್ಬಿಸುತ್ತೇವೆ. ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಅದನ್ನೇ ಕಿತ್ತುಕೊಂಡರೆ ಓದಿದ್ದು ಎಲ್ಲಿ ಉಳಿದೀತು?

ಇನ್ನು ರೊಟ್ಟಿಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ, ಗಂಡುಮಕ್ಕಳಲ್ಲಿ ಶೇ. 31 ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣಾಂಶ ಕಡಿಮೆಯಾದ ಮೈ ಬೇಗ ಸೋಲುತ್ತದೆ, ಚಿತ್ತವೂ ಜೊತೆಗೇ ಸೋಲುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಮಗಳಿಗೆ ಎನ್ನುವ ಮನೆ ಈ ಸಭೆಯಲ್ಲಿದ್ದರೆ, ಅದು ಪಾಪ. ಈ ಮಾತನ್ನು ನಾನು ಮೆತ್ತಗೆ ಹೇಳಲಾರೆ.

ಹತ್ತನೇ ತರಗತಿ ಬಂತೆಂದು ಆಟ ಬಿಡಿಸಬೇಡಿ. ದಿನಕ್ಕೊಂದು ಗಂಟೆ ಮೈ ಬೆವರಬೇಕು. ಉಂಡು, ಮಲಗಿ, ಆಡಿದರೂ ಚಿತ್ತ ನಿಲ್ಲದ ಮಕ್ಕಳೂ ಇದ್ದಾರೆ. ಅದು ಎಡಿಎಚ್‌ಡಿ ಎಂಬ ಗಮನದ ತೊಂದರೆ ಇರಬಹುದು. ಅವರಿಗಾಗಿ ಪ್ರಾರ್ಥಿಸಿ, ವೈದ್ಯರ ಬಳಿಗೂ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ.

ತಂದೆತಾಯಂದಿರೇ, ಈ ರಾತ್ರಿಯಿಂದ ಮೊಬೈಲುಗಳು, ನಿಮ್ಮವೂ ಸೇರಿ, ಮಲಗುವ ಕೋಣೆಯ ಹೊರಗಿರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಮಕ್ಕಳನ್ನು ಕೇಳಿ. ನಾಳೆ ಬೆಳಿಗ್ಗೆ ಅವರು ಹೊಟ್ಟೆತುಂಬ ತಿಂದು ಹೊರಡಲಿ. ಬುದ್ಧಿಮಾತು ಆಮೇಲೆ ಹೇಳಿ.