ಮರೆತವರ ಮಾನ

ಅರವತ್ತಕ್ಕೆ ಅರಳು ಮರಳು ಅಂತ ನಮ್ಮ ಜನ ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾದರು. ಇದು ಮಿದುಳಿನ ಕಾಯಿಲೆ. ಡಿಮೆನ್ಶಿಯಾ ಅಂತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಸುಮಾರು 88 ಲಕ್ಷ ಜನಕ್ಕೆ ಇದು ಇದೆ. ಹೆಂಗಸರಲ್ಲಿ, ಹಳ್ಳಿಯವರಲ್ಲಿ, ಅಕ್ಷರ ಸಿಗದವರಲ್ಲಿ ಹೆಚ್ಚು. ಅಂದಮೇಲೆ ಇದು ನಮ್ಮ ಕೇರಿಯ ಪ್ರಶ್ನೆ.

ಕಾಯಿಲೆ ಬಲಿತ ಅವ್ವನನ್ನು ಆರೈಕೆ ಕೇಂದ್ರಕ್ಕೆ ಸೇರಿಸಬಹುದೆ ಅಂತ ಕೇಳಿದರೆ ಸಾಕು, ಹೆತ್ತವಳನ್ನು ಹೊರಗೆ ಹಾಕಿದ ಅಂತ ಊರು ಬಾಯಿಗೆ ಬಂದದ್ದು ಆಡುತ್ತೆ. ಸೇವೆ ಮಾಡೋದು ಧರ್ಮ ಅನ್ನುತ್ತೆ. ಈ ಸೇವೆ ಅನ್ನೋ ಮಾತನ್ನು ನಾವು ಚೆನ್ನಾಗಿ ಬಲ್ಲೆವು. ಊರ ಹೇಲನ್ನು ನಮ್ಮವರ ತಲೆ ಮೇಲೆ ಹೊರಿಸಿದ್ದೂ ಸೇವೆ ಅಂತಲೇ. ಮನೆಯೊಳಗೂ ಅದೇ ಕತೆ. ರಾತ್ರಿಯೆಲ್ಲ ಬಾಗಿಲು ಕಾಯೋಳು, ಒದ್ದೆ ಸೀರೆ ಬದಲಿಸೋಳು, ಕೂಲಿ ಬಿಟ್ಟು ಕೂರೋಳು ಸೊಸೆ. ತಾಯಿಯನ್ನು ನೋಡಿಕೊಂಡ ಅನ್ನೋ ಹೆಸರು ಮಗನಿಗೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಈ ಜೀತಕ್ಕೆ ಇನ್ನೂ ಯಾರೂ ಹೆಸರೇ ಇಟ್ಟಿಲ್ಲ.

ಹಾಗಂತ ಸಾಗಹಾಕಿ ಕೈತೊಳೆದುಕೊಂಡರೆ ಆಯಿತೆ? ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಅಳಿಯುತ್ತೆ, ಹಳೇದು ತಡವಾಗಿ. ಜೀತದ ಮನೆಯಲ್ಲಿ ಬೆಳೆದ ಅಪ್ಪ ಮಗನ ಹೆಸರು ಮರೆತಾನು, ಬೊಗಸೆಯೊಡ್ಡಿ ನೀರು ಬೇಡೋದನ್ನು ಮರೆಯದೆ ಇದ್ದಾನು. ಅವನನ್ನು ಜಾತಿ ಕೇಳೋ ಜಾಗದಲ್ಲಿ ಬಿಟ್ಟು ಬಂದರೆ, ಆ ಹಳೆಯ ಅಂಗಳಕ್ಕೇ ವಾಪಸು ಕಳಿಸಿದಂತೆ.

"ಅವರಿಗೇನು ಗೊತ್ತಾಗುತ್ತೆ ಬಿಡಿ" ಅನ್ನೋರಿದ್ದಾರೆ. ನಮ್ಮ ಬಗ್ಗೆಯೂ ಇದೇ ಮಾತು ಆಡಿದ್ದರು. ಬುದ್ಧಿ ಇದ್ದವರಿಗಷ್ಟೇ ಮಾನ ಅನ್ನೋದನ್ನು ನಾವು ಒಪ್ಪಿದರೆ, ಹುಟ್ಟು ನೋಡಿ ಮಾನ ಅಳೆದವರಿಗೂ ನಮಗೂ ಏನು ವ್ಯತ್ಯಾಸ? ತನ್ನ ಹೆಸರು ಮರೆತವಳಿಗೂ ಭಯ ಗೊತ್ತಾಗುತ್ತೆ. ಗದರಿದ ದನಿಯೂ ಗೊತ್ತಾಗುತ್ತೆ, ಮೆತ್ತಗೆ ಮುಟ್ಟಿದ ಕೈಯೂ ಗೊತ್ತಾಗುತ್ತೆ.

ಆದ್ದರಿಂದ ಮನೆಯೋ ಕೇಂದ್ರವೋ ಅನ್ನೋದನ್ನು ಊರ ಬಾಯಿಗೆ ಹೆದರಿ ತೀರ್ಮಾನಿಸಬಾರದು. ಅವಳು ಎಲ್ಲಿ ಕಡಿಮೆ ಹೆದರುತ್ತಾಳೆ? ಅವಳನ್ನು ತೊಳೆಯೋ ಕೈ ಯಾರದು, ಆ ಕೈಗೆ ನಿದ್ದೆ ಇದೆಯೆ, ಕೂಲಿ ಇದೆಯೆ? ಸೇರಿಸಿದ ಮೇಲೆ ನಾವು ತಿಂಗಳಿಗೆ ಎಷ್ಟು ಸಲ ಹೋಗಿ ಕೂರುತ್ತೇವೆ? ಈ ಮಾತು ನಡೆಯುವಾಗ ಮೊದಲು ಬಾಯಿ ಬಿಡಬೇಕಾದವಳು ತೊಳೆಯುತ್ತಿರುವ ಸೊಸೆ. ಕೇಂದ್ರದಲ್ಲಿ ತೊಳೆಯೋ ಆಯಾಳ ಸಂಬಳವೂ ನಮ್ಮ ಪ್ರಶ್ನೆಯೇ, ಬಹಳ ಕಡೆ ಅವಳೂ ನಮ್ಮ ಕೇರಿಯವಳೇ.

ಆದರೆ ಆಯ್ಕೆ ಅನ್ನೋದು ಇರಬೇಕಲ್ಲ! ಖಾಸಗಿ ಕೇಂದ್ರದ ದುಡ್ಡು ಕೂಲಿಯವರಿಗೆ ಎಟುಕೋದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ನೋಡಿ. ಹೆತ್ತವರನ್ನು ಬಿಟ್ಟು ಹೋದವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಜಿಲ್ಲೆಗೊಂದರಂತೆ ಕನಿಷ್ಠ 150 ಬಡ ವೃದ್ಧರಿಗೆ ಆಶ್ರಮ ಕಟ್ಟೋ ವಿಷಯಕ್ಕೆ ಬಂದಾಗ ಮಾತ್ರ ಸರ್ಕಾರ ಅದನ್ನು 'ಮಾಡಬಹುದು'. ಬಡವನಿಗೆ ಜೈಲು, ಸರ್ಕಾರಕ್ಕೆ ಅನುಕೂಲ ನೋಡಿಕೊಂಡು ಮಾಡೋ ಸ್ವಾತಂತ್ರ್ಯ!

ಆ 'ಬಹುದು' ಅನ್ನು 'ಬೇಕು' ಮಾಡಿಸೋ ತನಕ ಮಗನನ್ನೂ ಸೊಸೆಯನ್ನೂ ಬೈದು ಪ್ರಯೋಜನವಿಲ್ಲ. ತಾಲೂಕಿಗೊಂದು ಹಗಲು ಆರೈಕೆ ಕೇಂದ್ರ, ಜಾತಿ ಕೇಳದ ಹಾಸಿಗೆ, ತೊಳೆಯೋ ಕೈಗೆ ತಕ್ಕ ಸಂಬಳ. ಇದನ್ನು ನಾವು ಭಿಕ್ಷೆಯಾಗಿ ಬೇಡುತ್ತಿಲ್ಲ. ಜೀವಮಾನವೆಲ್ಲ ಈ ನಾಡಿನ ಗದ್ದೆ, ರಸ್ತೆ, ಚರಂಡಿಯಲ್ಲಿ ದುಡಿದವರು ಅವರು. ಅವರು ಮರೆತಿದ್ದಾರೆ ಅಂತ ನಾಡು ತನ್ನ ಸಾಲ ಮರೆಯಬಾರದು.